ಇಲ್‌ಮ್ಯಾಟಿಕ್: ಒಬ್ಬ ಹುಡುಗನ ಹೆಸರಲ್ಲಿ ಒಂದು ಕೇರಿ ಮಾಡಿದ ಆಲ್ಬಮ್

ಮೊದಲ ಸಲ ಕೇಳಿದಾಗ ಅಮೆರಿಕದ ರ‍್ಯಾಪರ್ ನಾಸ್‌ನ ಆಲ್ಬಮ್ ಇಲ್‌ಮ್ಯಾಟಿಕ್ ನನಗೆ ಹಿಡಿಸಿರಲಿಲ್ಲ. ಬೆಂಗಳೂರಿನ ಪಿಜಿಯಲ್ಲಿ ಪಕ್ಕದ ಮಂಚದವನ ಹಾರ್ಡ್ ಡಿಸ್ಕ್‌ನಿಂದ ಕಾಪಿ ಮಾಡಿಕೊಂಡಿದ್ದೆ. ಬರೀ ಹತ್ತು ಫೈಲು, ಅದರಲ್ಲೂ ಮೊದಲನೆಯದು ಹಾಡೇ ಅಲ್ಲ. ನಲವತ್ತು ನಿಮಿಷದಲ್ಲಿ ಮುಗಿದೇ ಹೋಯಿತು. ಇಷ್ಟೇನಾ ಅನ್ನಿಸಿತು. ಕುಣಿಯುವ ಹಾಗಿಲ್ಲ, ಗುನುಗುವ ಹಾಗಿಲ್ಲ, ನ್ಯೂಯಾರ್ಕ್ ಬೀದಿಯ ಆ ಇಂಗ್ಲಿಷ್ ಅರ್ಧಕ್ಕರ್ಧ ತಲೆ ಮೇಲೆ ಹೋಯಿತು. ಆದರೆ ಹಿಪ್ ಹಾಪ್‌ನಲ್ಲಿ ಯಾವುದು ಶ್ರೇಷ್ಠ ಅಂತ ಯಾರ ಪಟ್ಟಿ ತೆಗೆದು ನೋಡಿದರೂ ಮೇಲ್ಗಡೆ ಎಲ್ಲೋ ಇದು ಇದ್ದೇ ಇರುತ್ತದೆ. ಹಾಗಾದರೆ ನನಗೆ ಕೇಳಿಸದೇ ಇದ್ದದ್ದು ಏನು?

ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ. ನಾಸ್ ಅನ್ನುವ ಇಪ್ಪತ್ತು ವರ್ಷದ ಹುಡುಗ, ಹುಟ್ಟು ಪ್ರತಿಭೆ, ಮೊದಲ ಆಲ್ಬಮ್‌ನಲ್ಲೇ ಸಿಕ್ಸರ್ ಹೊಡೆದ. ಸುಳ್ಳೇನಲ್ಲ. ಆದರೆ ಇದು ತಯಾರಾದ ಬಗೆಯನ್ನು ಎಳೆ ಎಳೆಯಾಗಿ ಬಿಡಿಸುತ್ತಾ ಹೋದರೆ ಬೇರೆಯೇ ಒಂದು ಚಿತ್ರ ಕಾಣುತ್ತದೆ: ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ದಾಟಿ ಬಂದ ಕಸುಬು, ಅಕ್ಕಪಕ್ಕದ ಮನೆಯವರು, ಯಾರದೋ ಬಾಕಿ ಉಳಿದ ಸ್ಟುಡಿಯೋ ಸಮಯ. ಹೆಸರು ಒಬ್ಬನದು, ಅಡುಗೆ ಹತ್ತು ಜನರದು.

ಮೊದಲು ಜಾಗ ನೋಡೋಣ. ನ್ಯೂಯಾರ್ಕ್‌ನ ಕ್ವೀನ್ಸ್ ಭಾಗದಲ್ಲಿ, ನದಿ ದಂಡೆಗೆ, ಒಂದು ದೊಡ್ಡ ಸೇತುವೆಯ ಬದಿಗೆ ಕ್ವೀನ್ಸ್‌ಬ್ರಿಜ್ ಅನ್ನುವ ಸರ್ಕಾರಿ ವಸತಿ ಸಮುಚ್ಚಯ ಇದೆ. 1939ರಲ್ಲಿ ಶುರುವಾದದ್ದು. ಆರಾರು ಮಹಡಿಯ 96 ಕಟ್ಟಡಗಳು, ಮೂರು ಸಾವಿರಕ್ಕೂ ಜಾಸ್ತಿ ಮನೆ. ಉತ್ತರ ಅಮೆರಿಕದಲ್ಲೇ ಇಷ್ಟು ದೊಡ್ಡ ಸರ್ಕಾರಿ ವಸತಿ ಇನ್ನೊಂದಿಲ್ಲ. ಕಟ್ಟುವಾಗ ದುಡ್ಡು ಉಳಿಸಬೇಕು ಅಂತ ಲಿಫ್ಟನ್ನು ಒಂದು, ಮೂರು, ಐದನೇ ಮಹಡಿಯಲ್ಲಿ ಮಾತ್ರ ನಿಲ್ಲುವ ಹಾಗೆ ಮಾಡಿದ್ದರು. ಮಿಕ್ಕವರು ಮೆಟ್ಟಿಲಿನಲ್ಲಿ ಹತ್ತಬೇಕು, ಇಳಿಯಬೇಕು. ಈ ಮೆಟ್ಟಿಲು, ಕೆಳಗಿನ ಲಾಬಿ, ಹೊರಗಿನ ಬೆಂಚು, ಇವೆಲ್ಲ ಆಲ್ಬಮ್ ಪೂರ್ತಿ ಬರುತ್ತವೆ. 1980ರ ದಶಕದಲ್ಲಿ ಕ್ರ್ಯಾಕ್ ಅನ್ನುವ ಅಗ್ಗದ ಕೊಕೇನ್ ಬಂದ ಮೇಲೆ ಇವೇ ಜಾಗಗಳು ವ್ಯಾಪಾರದ ಕಟ್ಟೆಗಳಾದವು.

ಆದರೆ ಅದೇ ಕೇರಿಯಲ್ಲಿ ಸಂಗೀತವೂ ಇತ್ತು. ಮಾರ್ಲಿ ಮಾರ್ಲ್ ಅಲ್ಲಿನವನು. ಹಳೆ ರೆಕಾರ್ಡಿನಿಂದ ಬರೀ ಒಂದು ಡ್ರಮ್ ಏಟನ್ನು ಕತ್ತರಿಸಿ ತೆಗೆದು ಬೇಕಾದ ಹಾಗೆ ಬಾರಿಸಬಹುದು ಅಂತ ತೋರಿಸಿಕೊಟ್ಟವರಲ್ಲಿ ಅವನೇ ಮುಖ್ಯ. ಎಂಸಿ ಶಾನ್ ಅನ್ನುವ ರ‍್ಯಾಪರ್ ಕೂಡ ಅಲ್ಲಿಯವನೇ. ನಾಸ್ ಹುಟ್ಟಿದ್ದು 1973ರಲ್ಲಿ. ಇವರನ್ನೆಲ್ಲ ನೋಡುತ್ತಾ ಬೆಳೆದ. ಅವನ ಅಪ್ಪ ಓಲು ದಾರಾ ಜಾಝ್ ವಾದಕ, ಕಾರ್ನೆಟ್ ನುಡಿಸುತ್ತಿದ್ದ. ಕಾರ್ನೆಟ್ ಅಂದರೆ ಟ್ರಂಪೆಟ್‌ನ ಗಿಡ್ಡ ತಮ್ಮ ಅಂದುಕೊಳ್ಳಿ. ಅಮ್ಮ ಅಂಚೆ ಇಲಾಖೆಯಲ್ಲಿ ಕೆಲಸಕ್ಕಿದ್ದಳು. ಹುಡುಗ ಎಂಟನೇ ತರಗತಿ ಮುಗಿಸಿ ಶಾಲೆ ಬಿಟ್ಟ. ಇಲ್‌ಮ್ಯಾಟಿಕ್ ಅನ್ನುವ ಪದವನ್ನೂ ಅವನೇ ಹುಟ್ಟಿಸಿದ್ದಲ್ಲ. ಅದೇ ಕೇರಿಯ ಟ್ರ್ಯಾಜಿಡಿ ಅನ್ನುವ ಹುಡುಗ ವರ್ಷಗಳ ಹಿಂದೆಯೇ ತನ್ನ ಹಾಡಿನಲ್ಲಿ ಬಳಸಿದ್ದ.

ಇನ್ನು ಸ್ಟುಡಿಯೋಗೆ ಹೋದ ಕತೆ. ಪಾಲ್ ಸಿ ಅನ್ನುವ ಸೌಂಡ್ ಎಂಜಿನಿಯರ್ ಒಬ್ಬನಿದ್ದ. ಹಳೆ ರೆಕಾರ್ಡಿನ ತುಂಡು ಹಿಡಿದಿಟ್ಟು ಬಾರಿಸುವ ಸ್ಯಾಂಪ್ಲರ್ ಯಂತ್ರದ ಒಳಗುಟ್ಟು ಬಲ್ಲವನು. ಅವನು ಲಾರ್ಜ್ ಪ್ರೊಫೆಸರ್ ಅನ್ನುವ ಹೈಸ್ಕೂಲ್ ಹುಡುಗನಿಗೆ ಆ ಕಸುಬು ಕಲಿಸಿದ. 1989ರಲ್ಲಿ ಪಾಲ್ ಸಿ ಕೊಲೆಯಾದ. ಅವನು ಅರ್ಧಕ್ಕೆ ಬಿಟ್ಟ ಕೆಲಸಗಳಲ್ಲಿ ಕೆಲವು ಈ ಶಿಷ್ಯನ ಪಾಲಿಗೆ ಬಂದವು. ಆಗ ದೊಡ್ಡ ಹೆಸರಾಗಿದ್ದ ರ‍್ಯಾಪರ್ ರಕೀಮ್‌ನಂಥವರಿಗೆ ಬುಕ್ ಆದ ಸ್ಟುಡಿಯೋದಲ್ಲಿ ಅವರು ಬಾರದೇ ಇರುವ ಹೊತ್ತು ನೋಡಿಕೊಂಡು ಲಾರ್ಜ್ ಪ್ರೊಫೆಸರ್ ನಾಸ್‌ನನ್ನು ಒಳಗೆ ಕರೆದುಕೊಂಡು ಹೋಗಿ ಡೆಮೊ ರೆಕಾರ್ಡ್ ಮಾಡಿಸುತ್ತಿದ್ದ. ಯಜಮಾನರು ಇಲ್ಲದಾಗ ಅವರ ಅಂಗಡಿಯಲ್ಲಿ ನಮ್ಮ ಬಟ್ಟೆ ಹೊಲಿದುಕೊಂಡ ಹಾಗೆ. 1991ರಲ್ಲಿ ತನ್ನ ತಂಡ ಮೇನ್ ಸೋರ್ಸ್‌ನ ಆಲ್ಬಮ್‌ನಲ್ಲಿ ಒಂದು ಹಾಡಿನ ಮೊದಲ ಚರಣವನ್ನು ಪೂರ್ತಿ ನಾಸ್‌ಗೇ ಬಿಟ್ಟುಕೊಟ್ಟ. ಆ ಒಂದೇ ಚರಣಕ್ಕೆ ನ್ಯೂಯಾರ್ಕ್ ತಿರುಗಿ ನೋಡಿತು.

ಹಾಗಂತ ಕಂಪನಿಗಳೇನೂ ಸಾಲುಗಟ್ಟಲಿಲ್ಲ. ಎಂಸಿ ಸರ್ಚ್ ಅನ್ನುವ ರ‍್ಯಾಪರ್ ಡೆಮೊ ಹಿಡಿದುಕೊಂಡು ಡೆಫ್ ಜಾಮ್ ಕಂಪನಿಯ ರಸೆಲ್ ಸಿಮನ್ಸ್ ಹತ್ತಿರ ಹೋದ. ಇವನ ದನಿ ಇನ್ನೊಬ್ಬ ರ‍್ಯಾಪರ್ ಕೂಲ್ ಜಿ ರ‍್ಯಾಪ್‌ನ ಹಾಗಿದೆ, ಅವನ ಕ್ಯಾಸೆಟ್ಟೇ ಖರ್ಚಾಗುವುದಿಲ್ಲ ಅಂತ ಆತ ಕೈಬಿಟ್ಟನಂತೆ, ಸರ್ಚ್ ಹೇಳುವ ಪ್ರಕಾರ. ಕೊನೆಗೆ ಕೊಲಂಬಿಯಾ ಕಂಪನಿಯ ಫೇತ್ ನ್ಯೂಮನ್ ಕೇಳಿದಳು. ಅವಳು ಆಗಲೇ ಈ ಹುಡುಗನನ್ನು ಹುಡುಕುತ್ತಿದ್ದಳು, ಹಾಗಾಗಿ ಅಲ್ಲಿ ಮಾತು ಬೇಗ ಮುಗಿಯಿತು.

ಇದರ ಮಧ್ಯೆ, 1992ರ ಮೇ ತಿಂಗಳಲ್ಲಿ, ನಾಸ್‌ನ ಜೀವದ ಗೆಳೆಯ ವಿಲ್ ಗುಂಡೇಟಿಗೆ ಸತ್ತ. ಮಹಡಿ ಮೇಲೆ ಕೆಳಗೆ ಇದ್ದ ಹುಡುಗರು, ಇವನಿಗೆ ರೆಕಾರ್ಡ್ ತಿರುಗಿಸಿ ಹಾಡಲು ಹುರಿದುಂಬಿಸಿದವನೇ ವಿಲ್. ಅದೇ ರಾತ್ರಿ ನಾಸ್‌ನ ತಮ್ಮನಿಗೂ ಗುಂಡು ತಗುಲಿತು. ಅವನು ಬದುಕಿದ. ಆಲ್ಬಮ್‌ನಲ್ಲಿ ವಿಲ್ ಹೆಸರು ಬರುವಾಗ ದನಿ ಏರುವುದಿಲ್ಲ, ಅಳುವುದಿಲ್ಲ. ಹಾಜರಿ ಕೂಗಿದ ಹಾಗೆ ಹೆಸರು ಹೇಳಿ ಮುಂದಕ್ಕೆ ಹೋಗುತ್ತಾನೆ.

ಈಗ ಬೀಟ್ ವಿಷಯಕ್ಕೆ, ಅಂದರೆ ಮಾತಿನ ಹಿಂದೆ ಸುತ್ತುವ ಸಂಗೀತಕ್ಕೆ ಬರೋಣ, ಹಿಪ್ ಹಾಪ್ ಹೊಸದಾಗಿ ಕೇಳುವವರಿಗೆ ಜಾಸ್ತಿ ಗೊಂದಲ ಆಗುವುದು ಇಲ್ಲೇ. 'ಬೇರೆಯವರ ಹಾಡು ಎತ್ತಿ ಹಾಕಿದ್ದಾರೆ, ಅದರಲ್ಲೇನು ದೊಡ್ಡಸ್ತಿಕೆ?' ಅಂತ ಕೇಳುತ್ತಾರೆ. ನಮ್ಮ ಉತ್ತರ ಕರ್ನಾಟಕದ ಕೌದಿ ನೋಡಿದ್ದೀರಲ್ವಾ? ಹಳೆ ಸೀರೆ, ಹರಿದ ಧೋತರ, ಮಗುವಿನ ಅಂಗಿಯ ತುಂಡು. ಬಟ್ಟೆ ಯಾವುದೂ ಹೊಲಿದವಳು ನೇಯ್ದದ್ದಲ್ಲ. ಆದರೆ ಯಾವ ತುಂಡು ಆರಿಸಬೇಕು, ಎಲ್ಲಿ ಕತ್ತರಿಸಬೇಕು, ಯಾವುದರ ಪಕ್ಕ ಯಾವುದು ಬರಬೇಕು ಅನ್ನುವುದು ಅವಳದೇ. ಎರಡು ಮನೆಯ ಕೌದಿ ಒಂದೇ ಥರ ಇರುವುದಿಲ್ಲ. ಸ್ಯಾಂಪಲ್ ಅಂದರೆ ಹೆಚ್ಚುಕಡಿಮೆ ಇದೇ.

ಆಗಿನ ಯಂತ್ರಗಳಲ್ಲಿ ಇ-ಮು ಕಂಪನಿಯ ಎಸ್‌ಪಿ-1200 ತುಂಬ ಮುಖ್ಯವಾದದ್ದು. 1987ರದು. ಅದರ ನೆನಪಿನಲ್ಲಿ ಹಿಡಿಯುತ್ತಿದ್ದದ್ದು ಒಟ್ಟು ಹತ್ತು ಸೆಕೆಂಡಿನ ಶಬ್ದ. ಹೌದು, ಹತ್ತೇ ಸೆಕೆಂಡು. ಒಂದೊಂದು ತುಂಡು ಎರಡೂವರೆ ಸೆಕೆಂಡಿಗಿಂತ ಉದ್ದ ಇರುವಂತಿಲ್ಲ. ಇದಕ್ಕೆ ಒಂದು ಉಪಾಯ ಕಂಡುಕೊಂಡರು. ನಿಮಿಷಕ್ಕೆ 33 ಸುತ್ತು ತಿರುಗಬೇಕಾದ ಎಲ್‌ಪಿಯನ್ನು 45ರ ವೇಗದಲ್ಲಿ ಓಡಿಸಿ ರೆಕಾರ್ಡ್ ಮಾಡುವುದು, ಆಮೇಲೆ ಯಂತ್ರದೊಳಗೆ ನಿಧಾನ ಮಾಡುವುದು. ಲೆಕ್ಕ ಹಾಕಿ ನೋಡಿ, ಹತ್ತು ಸೆಕೆಂಡಿನ ಜಾಗದಲ್ಲಿ ಹದಿಮೂರೂವರೆ ಸೆಕೆಂಡಿನ ಸಂಗೀತ ಕೂರುತ್ತದೆ. ಆದರೆ ಹೀಗೆ ಎಳೆದಾಗ ಶಬ್ದ ಸ್ವಲ್ಪ ಒರಟಾಗುತ್ತದೆ, ಮಬ್ಬಾಗುತ್ತದೆ. ಶಬ್ದವನ್ನು ಎಷ್ಟು ನಯವಾಗಿ ಅಳೆದಿಡುತ್ತದೆ ಅನ್ನುವ ಲೆಕ್ಕಕ್ಕೆ ಸಿಡಿಯಲ್ಲಿ 16 ಬಿಟ್ ಇದ್ದರೆ ಈ ಯಂತ್ರದಲ್ಲಿ 12 ಮಾತ್ರ, ಅದರ ಕರಕರವೂ ಸೇರಿಕೊಳ್ಳುತ್ತದೆ. ಆ ಕಾಲದ ನ್ಯೂಯಾರ್ಕ್ ರ‍್ಯಾಪ್‌ನಲ್ಲಿ ಕೇಳುವ ಆ ಧೂಳು ಹಿಡಿದ, ನೆಲಮಾಳಿಗೆಯಂಥ ಸದ್ದು ಬಹುಪಾಲು ಹೀಗೆ ಬಂದದ್ದು. ಬಡತನದ ಸಾರಿಗೆ ರುಚಿ ಜಾಸ್ತಿ ಅನ್ನುವ ಹಾಗೆ.

ಇನ್ನೊಂದು ಕಡಿವಾಣ ಕಾನೂನಿನದು. 1991ರ ಕೊನೆಗೆ ನ್ಯೂಯಾರ್ಕ್‌ನ ಫೆಡರಲ್ ನ್ಯಾಯಾಲಯ ಬಿಜ್ ಮಾರ್ಕಿ ಅನ್ನುವ ರ‍್ಯಾಪರ್ ವಿರುದ್ಧ ತೀರ್ಪು ಕೊಟ್ಟಿತು. ಕದಿಯಬೇಡ ಅನ್ನುವ ಬೈಬಲ್ ಆಜ್ಞೆಯಿಂದಲೇ ತೀರ್ಪು ಶುರುವಾಗುತ್ತದೆ! ಅಲ್ಲಿಂದ ಮುಂದೆ ಸಣ್ಣ ತುಂಡಿಗೂ ಅನುಮತಿ ಬೇಕು, ಅನುಮತಿಗೆ ದುಡ್ಡು ಬೇಕು. ಒಂದು ಹಾಡಿನೊಳಗೆ ಇಪ್ಪತ್ತು ಸ್ಯಾಂಪಲ್ ತುರುಕುವ ಕಾಲ ಮುಗಿಯಿತು. ಇಲ್‌ಮ್ಯಾಟಿಕ್ ಇಷ್ಟು ತೆಳ್ಳಗೆ, ಒಂದು ಪಿಯಾನೋ ತುಣುಕು ಮತ್ತು ಡ್ರಮ್ ಮೇಲೆ ನಿಂತಿರುವುದಕ್ಕೆ ಇದೂ ಒಂದು ಕಾರಣ ಅನ್ನುವುದು ನನ್ನ ಅಂದಾಜು.

ಆಗಿನ ರೂಢಿ ಪ್ರಕಾರ ಒಂದು ರ‍್ಯಾಪ್ ಆಲ್ಬಮ್ಮಿಗೆ ಒಬ್ಬ ಬೀಟ್ ಮಾಡುವವ, ಇಲ್ಲವೇ ಒಂದು ತಂಡ. ನಾಸ್‌ಗೆ ಮಾಡಿದವರು ಐವರು: ಲಾರ್ಜ್ ಪ್ರೊಫೆಸರ್, ಡಿಜೆ ಪ್ರೀಮಿಯರ್, ಪೀಟ್ ರಾಕ್, ಕ್ಯೂ-ಟಿಪ್, ಕ್ವೀನ್ಸ್‌ಬ್ರಿಜ್‌ನವನೇ ಆದ ಎಲ್‌ಇಎಸ್. ಎಲ್‌ಇಎಸ್ ಒಬ್ಬನನ್ನು ಬಿಟ್ಟರೆ ಮಿಕ್ಕವರೆಲ್ಲ ಆಗಲೇ ಹೆಸರು ಮಾಡಿದವರು, ಒಬ್ಬರನ್ನು ಕಂಡರೆ ಒಬ್ಬರಿಗೆ ಗೌರವ, ಜೊತೆಗೆ ಒಳಗೊಳಗೇ ಪೈಪೋಟಿ. ಇಷ್ಟು ಅಡುಗೆಯವರಿದ್ದರೆ ಸಾರು ಕೆಡಬೇಕಿತ್ತು. ಕೆಡಲಿಲ್ಲ. ಎಲ್ಲರೂ ಹುಡುಕುತ್ತಿದ್ದದ್ದು ಒಂದೇ ಥರದ ಅಂಗಡಿಯ ಒಂದೇ ಥರದ ಎಪ್ಪತ್ತರ ದಶಕದ ಜಾಝ್ ಮತ್ತು ಸೋಲ್ ರೆಕಾರ್ಡುಗಳನ್ನು.

ಎರಡು ಉದಾಹರಣೆ ಹತ್ತಿರದಿಂದ ನೋಡಿ. 'ದ ವರ್ಲ್ಡ್ ಈಸ್ ಯುವರ್ಸ್' ಹಾಡಿಗೆ ಪೀಟ್ ರಾಕ್ ಆರಿಸಿದ್ದು ಅಹ್ಮದ್ ಜಮಾಲ್ ಅನ್ನುವ ಜಾಝ್ ಪಿಯಾನೋ ವಾದಕನ 1970ರ ರೆಕಾರ್ಡು. ಅದರಲ್ಲಿ ನಿಮಿಷಗಟ್ಟಲೆ ಪಿಯಾನೋ ಇದೆ. ಎಲ್ಲೋ ಮಧ್ಯದಲ್ಲಿ ಕೆಲವೇ ಸ್ವರ ಮಿಂಚಿ ಹೋಗುತ್ತವೆ. ಅಷ್ಟನ್ನೇ ಹಿಡಿದು ಸುತ್ತಿಸಿದ. ಮೂಲ ಕೇಳಿ ನೋಡಿ, ಆ ತುಣುಕು ಬಂದು ಹೋಗುವಾಗ ನಿಮಗೆ ಮೈ ಝುಂ ಅನ್ನುತ್ತದೆ, ಗೊತ್ತಿಲ್ಲದವರು ಗಮನಿಸುವುದೇ ಇಲ್ಲ. ಆ ಹಾಡಿನ ಪಲ್ಲವಿಯಲ್ಲಿ ಕೇಳುವ ದನಿಯೂ ಪೀಟ್ ರಾಕ್‌ನದೇ.

ಇನ್ನೊಂದು, 'ಎನ್‌ವೈ ಸ್ಟೇಟ್ ಆಫ್ ಮೈಂಡ್'. ಪ್ರೀಮಿಯರ್ ಡಿ ಅಂಡ್ ಡಿ ಸ್ಟುಡಿಯೋದಲ್ಲಿ ಜೋ ಚೇಂಬರ್ಸ್ ಅನ್ನುವ ಜಾಝ್ ವಾದಕನ ರೆಕಾರ್ಡಿನಿಂದ ಪಿಯಾನೋದ ತಗ್ಗು ಸ್ವರಗಳನ್ನು ತೆಗೆದು ಜೋಡಿಸಿದ. ಕತ್ತಲಲ್ಲಿ ಯಾರೋ ಹಿಂದೆ ನಡೆದುಬಂದ ಹಾಗೆ ಇದೆ. ನಾಸ್ ಅಲ್ಲೇ ಕೂತು ಬರೆದ. ಮೈಕ್ ಮುಂದೆ ನಿಂತು ಹೇಗೆ ಶುರು ಮಾಡುವುದೋ ಗೊತ್ತಾಗುತ್ತಿಲ್ಲ ಅಂದ. ಆ ಮಾತೂ ರೆಕಾರ್ಡ್ ಆಯಿತು, ಹಾಡಿನಲ್ಲೇ ಉಳಿಯಿತು. ಆಮೇಲೆ ಶುರು ಮಾಡಿದವನು ಆ ಉದ್ದದ ಮೊದಲ ಚರಣವನ್ನು ಒಂದೇ ಉಸಿರಿಗೆ ಅನ್ನುವ ಹಾಗೆ, ಒಂದೇ ಟೇಕ್‌ನಲ್ಲಿ ಮುಗಿಸಿದ ಅಂತ ಪ್ರೀಮಿಯರ್ ಹೇಳುತ್ತಾನೆ.

ಆ ಚರಣದಲ್ಲಿ ಏನಿದೆ? ಗುಂಡಿನ ಕಾಳಗ. ಹೇಳುವವನ ಕೈಯಲ್ಲೂ ಬಂದೂಕು ಇದೆ, ಆದರೆ ನಡುವೆ ಅದು ಸಿಕ್ಕಿಹಾಕಿಕೊಳ್ಳುತ್ತದೆ. ಓಡಿ ಕಟ್ಟಡದ ಲಾಬಿಗೆ ನುಗ್ಗುತ್ತಾನೆ. ಅಲ್ಲಿ ನೋಡಿದರೆ ತುಂಬಾ ಮಕ್ಕಳು. ಸಿನಿಮಾದಲ್ಲಾದರೆ ಇಲ್ಲಿ ಹೀರೋ ಏನಾದರೂ ಮಾಡುತ್ತಿದ್ದ. ಇವನು ಆ ಮಕ್ಕಳ ಎತ್ತರ ಗಮನಿಸುತ್ತಾನೆ, ತನ್ನ ಎತ್ತರದಿಂದ ತನಗೆ ಕಾಣುವುದು ಇವಕ್ಕೆ ಕಾಣಿಸಲಿಕ್ಕಿಲ್ಲ ಅಂದುಕೊಳ್ಳುತ್ತಾನೆ. ನನ್ನ ಮಟ್ಟಿಗೆ ಇಡೀ ಆಲ್ಬಮ್ ಇರುವುದು ಈ ಒಂದು ನೋಟದಲ್ಲಿ. ಜಂಬವೂ ಅಲ್ಲ, ಉಪದೇಶವೂ ಅಲ್ಲ.

ಈಗ ಪ್ರಾಸ. ನಮಗೆ ಪ್ರಾಸ ಹೊಸದೇನಲ್ಲ. ಹಳೆಗನ್ನಡ ಕವಿಗಳು ಸಾಲಿನ ಕೊನೆ ಬಿಟ್ಟು ಪ್ರತಿ ಸಾಲಿನ ಎರಡನೇ ಅಕ್ಷರಕ್ಕೆ ಪ್ರಾಸ ಕಟ್ಟುತ್ತಿದ್ದರು, ಹಾಗಾಗಿ ಪ್ರಾಸ ಕೊನೆಯಲ್ಲೇ ಇರಬೇಕು ಅಂತ ನಮಗೆ ಯಾರೂ ಹೇಳಬೇಕಾಗಿಲ್ಲ. ಆದರೆ ಮೊದಮೊದಲ ರ‍್ಯಾಪ್ ಹೆಚ್ಚಾಗಿ ಸಾಲಿನ ಕೊನೆಯ ಪ್ರಾಸದ್ದೇ. 'ಬೀದಿಯಲ್ಲಿ ನಿಂತೆ ನಾನು, ತಲೆಯ ಮೇಲೆ ನೀಲಿ ಬಾನು', ಈ ಥರ. ಒಂದು ಸಾಲಿಗೆ ಒಂದು ಮಾತು, ಕೊನೆಗೆ ಠಕ್ ಅಂತ ಪ್ರಾಸ. ರಕೀಮ್ ಮತ್ತು ಕೂಲ್ ಜಿ ರ‍್ಯಾಪ್ ಇದನ್ನು ಸಡಿಲ ಮಾಡಿದರು. ಪ್ರಾಸವನ್ನು ಸಾಲಿನ ಹೊಟ್ಟೆಯೊಳಗೂ ಇಟ್ಟರು. ನಾಸ್ ಅದನ್ನು ಇನ್ನೂ ಮುಂದಕ್ಕೆ ಒಯ್ದ. ಅವನ ಸಾಲು ಇಲ್ಲಿ ಹಾಕಿ ಕೊಲ್ಲುವ ಬದಲು ನಾನೇ ಒಂದು ಕಚ್ಚಾ ಉದಾಹರಣೆ ಕಟ್ಟುತ್ತೇನೆ, ನಗಬೇಡಿ:

ಆರನೇ ಮಹಡಿಯ ಕಿಟಕಿ, ಕೆಳಗೆ ಸಿಡಿದದ್ದು
ಪಟಾಕಿ ಅಲ್ಲವೆಂದು ಅಮ್ಮನಿಗೂ ಗೊತ್ತಿದ್ದು
ಸುಮ್ಮನಾದಳು.

ಕಿಟಕಿಗೂ ಪಟಾಕಿಗೂ ಪ್ರಾಸ ಇದೆ, ಆದರೆ ಸಾಲಿನ ಕೊನೆಯಲ್ಲಿ ಇಲ್ಲ. ಅಮ್ಮ, ಸುಮ್ಮನೆ ಅನ್ನುವಲ್ಲಿ ಇನ್ನೊಂದು ಗೆಜ್ಜೆ. ಇದಕ್ಕಿಂತ ಮುಖ್ಯ ಅಂದರೆ, ಸಾಲು ಮುಗಿದರೂ ಮಾತು ಮುಗಿಯುವುದಿಲ್ಲ. 'ಸಿಡಿದದ್ದು' ಅಂದಾಗ ಏನು ಸಿಡಿದದ್ದು ಅಂತ ಮುಂದಿನ ಸಾಲಿಗೆ ಕಿವಿ ಓಡುತ್ತದೆ. ನಾಸ್ ಹೀಗೆ ಎಂಟು ಹತ್ತು ಸಾಲು ಎಳೆದುಕೊಂಡು ಹೋಗುತ್ತಾನೆ. ಡ್ರಮ್ ತನ್ನ ಪಾಡಿಗೆ ನಾಲ್ಕು ನಾಲ್ಕು ಎಣಿಸುತ್ತಿರುತ್ತದೆ, ಇವನ ವಾಕ್ಯ ಅದರ ಮೇಲೆ ನೀರಿನ ಹಾಗೆ ಹರಿಯುತ್ತದೆ. ಮೊದಲ ಸಲ ನನಗೆ ಗುನುಗಲು ಏನೂ ಸಿಗಲಿಲ್ಲ ಅಂದೆನಲ್ಲ, ಕಾರಣ ಇದೇ. ನಾನು ಸಾಲಿನ ಕೊನೆಯಲ್ಲಿ ಕಾಯುತ್ತಿದ್ದೆ, ಅವನು ಅಲ್ಲಿ ನಿಲ್ಲುತ್ತಲೇ ಇರಲಿಲ್ಲ.

ಕತೆ ಹೇಳುವ ರೀತಿಗೆ 'ಒನ್ ಲವ್' ಕೇಳಬೇಕು. ಕ್ಯೂ-ಟಿಪ್ ಮಾಡಿದ ಬೀಟ್, ಹೀತ್ ಬ್ರದರ್ಸ್ ಅನ್ನುವ ಜಾಝ್ ತಂಡದ ರೆಕಾರ್ಡಿನಿಂದ ತೆಗೆದದ್ದು, ಹೆಬ್ಬೆರಳಿನಿಂದ ಮೀಟುವ ಆಫ್ರಿಕದ ವಾದ್ಯವೊಂದು ಹನಿ ಹನಿಯಾಗಿ ಉದುರುತ್ತಿರುತ್ತದೆ. ಹಾಡು ಪೂರ್ತಿ ಜೈಲಿನಲ್ಲಿರುವ ಗೆಳೆಯರಿಗೆ ಬರೆದ ಕಾಗದ. ನಿನಗೆ ಮಗ ಹುಟ್ಟಿದ್ದಾನೆ, ಊರಲ್ಲಿ ಇಂಥವನು ಹೀಗಾದ, ನಿಮ್ಮಮ್ಮ ಸಿಕ್ಕಿದ್ದಳು, ಈ ಥರ. ಕೊನೆಯ ಚರಣದಲ್ಲಿ ಕಾಗದ ನಿಲ್ಲುತ್ತದೆ. ಅವನೊಂದು ಬೆಂಚಿನ ಮೇಲೆ ಹನ್ನೆರಡು ವರ್ಷದ ಹುಡುಗನ ಜೊತೆ ಕೂತಿದ್ದಾನೆ. ಆ ಹುಡುಗ ಆಗಲೇ ವ್ಯಾಪಾರಕ್ಕೆ ಇಳಿದವನು, ನಗುವೇ ತಣ್ಣಗಿದೆ. ಇವನು ಇಪ್ಪತ್ತಕ್ಕೇ ಹಿರಿಯಣ್ಣ, ಏನೋ ಬುದ್ಧಿ ಹೇಳುತ್ತಾನೆ, ಎದ್ದು ಹೋಗುತ್ತಾನೆ.

1994ರ ಏಪ್ರಿಲ್ 19ಕ್ಕೆ ಆಲ್ಬಮ್ ಬಂತು. ಅಧಿಕೃತವಾಗಿ ಅಂತ ಹೇಳಬೇಕು, ಯಾಕೆಂದರೆ ಅದಕ್ಕೂ ಮುಂಚೆಯೇ ಕಳ್ಳ ಕ್ಯಾಸೆಟ್ ನ್ಯೂಯಾರ್ಕ್ ಬೀದಿಯಲ್ಲಿ ಸಿಗುತ್ತಿತ್ತು. ಮುಖಪುಟದಲ್ಲಿ ಏಳು ವರ್ಷದ ನಾಸ್‌ನ ಮುಖ, ಅದರ ಮೇಲೆ ಕ್ವೀನ್ಸ್‌ಬ್ರಿಜ್ ಕಟ್ಟಡಗಳು ಮಸುಕಾಗಿ ಹಾದುಹೋಗುತ್ತವೆ. ದ ಸೋರ್ಸ್ ಆಗ ಹಿಪ್ ಹಾಪ್‌ನವರ ಪಂಚಾಂಗ ಇದ್ದ ಹಾಗೆ. ಹಾರ್ವರ್ಡ್‌ನ ವಿದ್ಯಾರ್ಥಿಗಳು 1988ರಲ್ಲಿ ಶುರು ಮಾಡಿದ್ದ ಪತ್ರಿಕೆ. ಅಂಕಗಳನ್ನು ಮೈಕ್ ಲೆಕ್ಕದಲ್ಲಿ ಕೊಡುತ್ತಿದ್ದರು, ಪೂರ್ತಿ ಐದು ಮೈಕ್ ಸಿಗುವುದು ಅಪರೂಪ, ಅದರಲ್ಲೂ ಹೊಸಬನಿಗೆ. ಮಿನ್ಯಾ ಓ ಅನ್ನುವ ಹುಡುಗಿ ಶಾರ್ಟಿ ಅನ್ನುವ ಹೆಸರಿನಲ್ಲಿ ವಿಮರ್ಶೆ ಬರೆದು ಐದಕ್ಕೆ ಐದು ಕೊಟ್ಟಳು. ಇವತ್ತಿಗೂ ಜನ ಆ ಐದು ಮೈಕಿನ ಮಾತು ಆಡುತ್ತಾರೆ.

ಅಂಗಡಿಯಲ್ಲಿ ಆದದ್ದೇ ಬೇರೆ. ಮೊದಲ ವಾರ ಸುಮಾರು 60 ಸಾವಿರ ಪ್ರತಿ, ಬಿಲ್‌ಬೋರ್ಡ್ ಪಟ್ಟಿಯಲ್ಲಿ 12ನೇ ಜಾಗ. ಹೊಸಬನಿಗೆ ಕೆಟ್ಟದ್ದಲ್ಲ, ಆದರೆ ಐದು ತಿಂಗಳ ಹಿಂದಷ್ಟೇ ಲಾಸ್ ಏಂಜಲಿಸ್ ಕಡೆಯ ಸ್ನೂಪ್ ಡಾಗ್‌ನ ಮೊದಲ ಆಲ್ಬಮ್ ಒಂದೇ ವಾರದಲ್ಲಿ ಎಂಟು ಲಕ್ಷ ಪ್ರತಿ ಖರ್ಚಾಗಿತ್ತು. ಆಗ ರೇಡಿಯೋ ಪೂರ್ತಿ ಆ ಕಡೆಯ ನಿಧಾನದ, ಕಾರಿನಲ್ಲಿ ಕೇಳುವಂಥ, ಎಣ್ಣೆ ಹಾಕಿದ ಹಾಗೆ ನುಣುಪಾದ ಸಂಗೀತ. ಅದರ ನಡುವೆ ಇಲ್‌ಮ್ಯಾಟಿಕ್ ಸುಮ್ನೆ ಒಂದು ಮೂಲೆಯಲ್ಲಿ ಗೊಣಗುವ ಹಾಗೆ ಕೇಳಿಸಿರಬೇಕು. ಐದು ಲಕ್ಷ ದಾಟಿ ಗೋಲ್ಡ್ ಆದದ್ದು 1996ರ ಜನವರಿಯಲ್ಲಿ. ಹತ್ತು ಲಕ್ಷಕ್ಕೆ ಪ್ಲಾಟಿನಮ್ ಅಂತ ಮುದ್ರೆ ಬಿದ್ದದ್ದು 2001ರಲ್ಲಿ.

ಹಾಗಾದರೆ ಇದು ಬೆಳೆದದ್ದು ಹೇಗೆ? ಹಾಡುವವರಿಂದ, ಬೀಟ್ ಮಾಡುವವರಿಂದ. ಇದನ್ನು ಕೇಳಿದ ಎಷ್ಟೋ ರ‍್ಯಾಪರ್‌ಗಳು ತಮ್ಮ ನೋಟ್‌ಬುಕ್ ತೆಗೆದು ಮತ್ತೆ ಬರೆಯಲು ಕೂತರು. ಜೇ-ಝೀ ತನ್ನ 1996ರ ಹಾಡೊಂದರಲ್ಲಿ ನಾಸ್‌ನ ದನಿಯನ್ನೇ ಕತ್ತರಿಸಿ ಪಲ್ಲವಿ ಮಾಡಿಕೊಂಡ. ಮುಂದೆ ಇಬ್ಬರಿಗೂ ಹಾಡಿನಲ್ಲೇ ಜಗಳ ಹತ್ತಿದಾಗ, ಹತ್ತು ವರ್ಷಕ್ಕೆ ಒಂದೇ ಒಳ್ಳೆಯ ಆಲ್ಬಮ್ ಮಾಡುವವನು ಅಂತ ಜೇ-ಝೀ ಹಂಗಿಸಿದ. ಹಂಗಿಸುವಾಗಲೂ ಆ ಒಂದನ್ನು ಅಲ್ಲಗಳೆಯಲು ಅವನಿಗೆ ಆಗಲಿಲ್ಲ ನೋಡಿ. ಬೇರೆ ಬೇರೆ ಹೆಸರಾಂತರಿಂದ ಒಂದೊಂದು ಬೀಟ್ ತರಿಸಿ ಆಲ್ಬಮ್ ಮಾಡುವುದು ಆಮೇಲೆ ಎಲ್ಲರ ಪದ್ಧತಿ ಆಯಿತು. ಇದರಿಂದ ಕೆಡುಕೂ ಆಗಿದೆ ಅಂತ ನನ್ನ ಅಭಿಪ್ರಾಯ, ಎಷ್ಟೋ ಆಲ್ಬಮ್‌ಗಳು ಮದುವೆ ಊಟದ ಎಲೆಯ ಹಾಗೆ, ಎಲ್ಲ ಇದೆ, ಯಾವುದಕ್ಕೂ ಒಂದಕ್ಕೊಂದು ಸಂಬಂಧ ಇಲ್ಲ.

ಪಾಪ, ನಾಸ್‌ಗೆ ಈ ಹೊರೆ ಕಡಿಮೆಯೇನಲ್ಲ. 1996ರ ಎರಡನೇ ಆಲ್ಬಮ್ ನೇರ ಒಂದನೇ ಸ್ಥಾನಕ್ಕೆ ಹೋಯಿತು, ತುಂಬಾ ಜಾಸ್ತಿ ಮಾರಾಟವಾಯಿತು, ಆದರೂ 'ಮೊದಲಿನ ಹಾಗಿಲ್ಲ' ಅಂದರು. ಅಲ್ಲಿಂದ ಇವತ್ತಿನವರೆಗೂ ಅದೇ ಮಾತು. ಗ್ರ್ಯಾಮಿಯವರಂತೂ ಇಲ್‌ಮ್ಯಾಟಿಕ್ ಬಂದಾಗ ರ‍್ಯಾಪ್ ಆಲ್ಬಮ್‌ಗೆ ಬೇರೆ ಪ್ರಶಸ್ತಿಯನ್ನೇ ಇಟ್ಟಿರಲಿಲ್ಲ, ಅದು ಶುರುವಾದದ್ದು 1996ರಲ್ಲಿ. ನಾಸ್‌ಗೆ ಮೊದಲ ಗ್ರ್ಯಾಮಿ ಸಿಕ್ಕಿದ್ದು 2021ರ ಮಾರ್ಚ್‌ನಲ್ಲಿ, ಬೇರೆ ಆಲ್ಬಮ್‌ಗೆ. ಅದೇ ತಿಂಗಳು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ದೇಶ ಕಾಪಾಡಿಕೊಳ್ಳಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಇಲ್‌ಮ್ಯಾಟಿಕ್ ಸೇರಿಸಿತು. ಎಂಟನೇ ತರಗತಿಗೆ ಶಾಲೆ ಬಿಟ್ಟವನ ಹೆಸರಿನಲ್ಲಿ ಹಾರ್ವರ್ಡ್‌ನಲ್ಲಿ 2013ರಿಂದ ಒಂದು ಹಿಪ್ ಹಾಪ್ ಫೆಲೋಶಿಪ್ ಕೂಡ ಇದೆ. 2019ರಲ್ಲಿ ಅವನ ಮಾಸ್ ಅಪೀಲ್ ಕಂಪನಿ ಭಾರತಕ್ಕೂ ಬಂತು, ಮುಂಬೈನ ರ‍್ಯಾಪರ್ ಡಿವೈನ್ ಅಲ್ಲಿ ಸಹಿ ಹಾಕಿದ ಮೊದಲಿಗ.

ಯಾರಾದರೂ ಇದನ್ನು ಕೇಳಿಸು ಅಂದರೆ ನಾನು ಮೊದಲಿನಿಂದ ಹಾಕುವುದಿಲ್ಲ. ಮೂರನೇ ಹಾಡು 'ಲೈಫ್ಸ್ ಎ ಬಿಚ್' ಹಾಕುತ್ತೇನೆ. ಎಲ್‌ಇಎಸ್‌ನ ಬೀಟ್. ಶುರುವಿನಲ್ಲಿ ಬ್ರೂಕ್ಲಿನ್‌ನ ಎಝೀ ಬರುತ್ತಾನೆ. ಇಡೀ ಆಲ್ಬಮ್‌ನಲ್ಲಿ ನಾಸ್ ಬಿಟ್ಟರೆ ಚರಣ ಹಾಡಿದ ರ‍್ಯಾಪರ್ ಅವನೊಬ್ಬನೇ. ಎಲ್ಲರೂ ಒಂದು ದಿನ ಸಾಯುವವರೇ ಅಂತ ಹೇಳಿ ಹೋಗುತ್ತಾನೆ. ಆಮೇಲೆ ನಾಸ್, ಇಪ್ಪತ್ತು ವರ್ಷ ತುಂಬಿತು, ಬದುಕಿದ್ದೇನೆ, ಅದೇ ಒಂದು ಭಾಗ್ಯ ಅನ್ನುತ್ತಾನೆ. ಮಾತು ಮುಗಿಯುತ್ತದೆ, ಬೀಟ್ ಮಾತ್ರ ಉಳಿಯುತ್ತದೆ. ಆಗ ಎಲ್ಲಿಂದಲೋ ಒಂದು ಕಾರ್ನೆಟ್ ಏಳುತ್ತದೆ. ಸ್ಯಾಂಪಲ್ ಅಲ್ಲ, ಸ್ಟುಡಿಯೋಗೆ ಬಂದು ನುಡಿಸಿದ್ದು. ಅವನ ಅಪ್ಪ. ಹಾಡು ಸಣ್ಣದಾಗಿ ಮರೆಯಾಗುವವರೆಗೂ ನುಡಿಸುತ್ತಲೇ ಇರುತ್ತಾನೆ.